ಎರಡು ಸಲ ಕರೆದದ್ದು

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಬಡತನಕ್ಕೆ ಬಿಟ್ಟೆ ಎಂದು ಲಂಡನ್ನಿನಲ್ಲಿ ಕೆಲವರಿಗೆ ಹೇಳಿದ್ದೇನೆ. ಹಾಗೆ ಹೇಳಿದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ನಿಜ ಬೇರೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನಾನೊಬ್ಬನೇ ಶಾಲೆಯ ಹಿಂದಿನ ಗಾಳಿಮರದ ತೋಪಿನಲ್ಲಿ ಹೋಗುತ್ತಿದ್ದೆ. ಬೆನ್ನ ಹಿಂದೆ ಯಾರೋ ನನ್ನ ಹೆಸರು ಹಿಡಿದು ಕರೆದರು. ನಾನು ನಿಲ್ಲಲಿಲ್ಲ. ಇನ್ನೊಮ್ಮೆ ಕರೆದರು. ಆಗಲೂ ತಿರುಗಲಿಲ್ಲ. ಮೂರನೆಯ ಸಲಕ್ಕೆ "ಓ" ಎಂದು ತಿರುಗಿದರೆ ಲೆಕ್ಕದ ಮಾಷ್ಟ್ರು ನಿಂತಿದ್ದರು.

"ಎಂತದಾ, ನೀನ್ ರಾಜ್ರ ಮಗನಾ? ನಿನ್ನ ಮೂರ್ ಸಲ ಕರೀಕಾ?"

ಅವರ ಕೈಯ ಬೆತ್ತ ನನ್ನ ಬೆನ್ನಿನ ಮೇಲೆ ಮುರಿಯಿತು. ಅಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಚೀಲ ತರಲೂ ಕ್ಲಾಸಿಗೆ ಹೋಗದೆ ನೇರ ಮನೆಗೆ ನಡೆದೆ. ಮತ್ತೆ ಆ ಗೇಟು ದಾಟಲಿಲ್ಲ. ಅಪ್ಪ ಬೈದರು, ಅಮ್ಮ ಬೇಡಿಕೊಂಡಳು. ಹನ್ನೆರಡು ವರ್ಷದ ಹುಡುಗನ ಹಟ ಅದು ಎಂದು ಈಗ ಗೊತ್ತು. ಹಟವನ್ನು ಮಾತ್ರ ಬಿಟ್ಟಿಲ್ಲ.

ಕರೆದ ಕೂಡಲೆ ಓಗೊಡಬಾರದು ಎಂದು ಕಲಿಸಿದವಳು ಅಮ್ಮನೇ. ಕುಂದಾಪುರದ ನಮ್ಮ ಕಡೆ ಸೂರ್ಯ ನೆತ್ತಿಗೆ ಬಂದ ಹೊತ್ತು ರಾತ್ರಿಯಷ್ಟೇ ಕೆಟ್ಟದ್ದು. ನೆರಳು ಕಾಲಡಿಗೆ ಸೇರಿದಾಗ ಅವು, ಹೆಸರು ಹೇಳಬಾರದ ಪೀಡೆಗಳು, ತಿರುಗಾಡುತ್ತವೆ. ನಮಗೆ ಬೇಕಾದವರ ದನಿಯಲ್ಲಿ ಕರೆಯುತ್ತವೆ. ಓಗೊಟ್ಟವನ ಉಸಿರು ಅವುಗಳ ಜತೆ ಹೋಗುತ್ತದೆ. "ಒಂದ್ ಸಲ ಕರ್ದ್ರೆ ಓಗೊಡ್ಬೇಡ. ಎರಡ್ ಸಲ ಕರ್ದ್ರೂ ಬಾಯ್ ಬಿಡ್ಬೇಡ. ಮೂರ್ನೇ ಸಲ ಕರ್ದ್ರೆ ಅದ್ ಮನ್ಷ್ರೇ ಸೈ. ಅವ್ಕೆ ಮೂರರ್ ತನಕ ಎಣ್ಸುಕೆ ಬತ್ತಿಲ್ಲೆ." ನಾನು ಕಲಿತ ಲೆಕ್ಕದಲ್ಲಿ ಇದೊಂದೇ ಪೂರ್ತಿ ಬಾಯಿಪಾಠವಾಗಿ ಉಳಿದದ್ದು.

ಶಾಲೆ ಬಿಟ್ಟ ಮೇಲೆ ಬೆಂಗಳೂರಿನ ಹೋಟೆಲಿನಲ್ಲಿ ತಟ್ಟೆ ತೊಳೆದೆ, ಹಿಟ್ಟು ರುಬ್ಬಿದೆ, ದೋಸೆ ಕಲ್ಲಿನ ಮುಂದೆ ನಿಂತೆ. ಆ ಕಲ್ಲೇ ನನ್ನನ್ನು ಲಂಡನ್ನಿನ ಟೂಟಿಂಗ್‌ಗೆ ತಂದಿತು. ಅಲ್ಲಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದೆ. ಒಂದು ದಿನವೂ ರಜೆ ಹಾಕಲಿಲ್ಲ. ಮದುವೆಯಾದ ವರ್ಷ ಊರಿಗೆ ಹೋದದ್ದನ್ನು ಬಿಟ್ಟರೆ. ಹೋಟೆಲು ಬಾಗಿಲು ಹಾಕಿದಾಗ ನಾನೂ ಹೆಂಡತಿಯೂ ಮಗಳೂ ಟ್ಯೂಬ್ ರೈಲಿನ ನಕ್ಷೆಯಲ್ಲಿ ಟೂಟಿಂಗ್ ದಾಟುವ ಕಪ್ಪು ಗೆರೆಯನ್ನೇ ಹಿಡಿದು ಲಂಡನ್ನಿನ ಇನ್ನೊಂದು ಮಗ್ಗುಲಿಗೆ, ಎಜ್‌ವೇರ್‌ಗೆ ಬಂದೆವು. ಅಲ್ಲಿ ಬಾಡಿಗೆ ಕಡಿಮೆ ಎಂದಲ್ಲ, ಅಲ್ಲಿಂದ ಬಸ್ಸಿನಲ್ಲಿ ಹೋದರೆ ಹಣ್ಣಿನ ತೋಟವೊಂದರಲ್ಲಿ ಕೆಲಸವಿದೆ ಎಂದು ಹೆಂಡತಿ ಪತ್ತೆ ಹಚ್ಚಿದ್ದಳು. ಮೊದಲು ಅವಳು ಸೇರಿದಳು. ಒಂದು ತಿಂಗಳ ಮೇಲೆ ನಾನು.

ಲಂಡನ್ನಿನಲ್ಲಿ ತೋಟವೇ ಎಂದು ಟೂಟಿಂಗ್ ಗೆಳೆಯರು ನಕ್ಕರು. ನಗಲಿ. ಬಸ್ಸು ಇಳಿದು ಹತ್ತು ನಿಮಿಷ ನಡೆದರೆ ಮನೆಗಳು ಮುಗಿಯುತ್ತವೆ, ಬೇಲಿ ಶುರುವಾಗುತ್ತದೆ. ಬೇಲಿಯ ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಹನ್ನೆರಡು ಟನೆಲ್‌ಗಳು, ಒಂದೊಂದೂ ನೂರು ಮೀಟರ್ ಉದ್ದ. ಬಾಗಿದ ಕಬ್ಬಿಣದ ಪೈಪುಗಳ ಮೇಲೆ ಹಾಳೆ ಎಳೆದು ಕಟ್ಟಿರುತ್ತಾರೆ. ಒಂದರಿಂದ ಎಂಟರ ವರೆಗೆ ಸ್ಟ್ರಾಬೆರಿ, ಉಳಿದ ನಾಲ್ಕರಲ್ಲಿ ರಾಸ್ಪ್‌ಬೆರಿ. ಸ್ಟ್ರಾಬೆರಿ ಇಲ್ಲಿ ನೆಲದಲ್ಲಿ ಬೆಳೆಯುವುದಿಲ್ಲ. ಎದೆಯೆತ್ತರದ ಉದ್ದುದ್ದ ಕಬ್ಬಿಣದ ಮೇಜುಗಳ ಮೇಲೆ ಚೀಲ, ಚೀಲದಲ್ಲಿ ಗಿಡ, ಹಣ್ಣು ಕೆಳಗೆ ನೇತಾಡುತ್ತದೆ. ಬಗ್ಗದೆ ಕೊಯ್ಯಬಹುದು.

ಆ ಚೀಲದಲ್ಲಿ ಇರುವುದು ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಮೊದಲ ದಿನ ಏಳನೇ ಟನೆಲಿನ ಬಾಗಿಲ ಪರದೆ ಸರಿಸಿದ್ದೇ ನನಗೆ ಕಾಲು ಮುಂದೆ ಹೋಗಲಿಲ್ಲ. ನಮ್ಮೂರ ಹೊಳೆಯ ಬದಿಯಲ್ಲಿ ನಾರಿಗಾಗಿ ಕಾಯಿಸಿಪ್ಪೆ ಕೊಳೆಹಾಕಿದ ಹೊಂಡದ ವಾಸನೆ. ಮೂವತ್ತು ವರ್ಷ ಮೂಗಿಗೆ ಬೀಳದ ವಾಸನೆ, ಇಂಗ್ಲೆಂಡಿನ ಬಿಳಿ ಬೆಳಕಿನಲ್ಲಿ. ಚೀಲವನ್ನು ತಿರುಗಿಸಿ ನೋಡಿದರೆ, ಎಲ್ಲಿಂದ ಬಂದದ್ದು ಎಂದು ಮೂಲೆಯಲ್ಲಿ ಅಚ್ಚಾಗಿತ್ತು: ಇಂಡಿಯಾ.

ಹೆಂಡತಿಗೆ ಇದು ತಮಾಷೆ. "ನಾರ್ ಬಂತಲ್ದಾ ಊರಿಂದ, ಅದ್ರ ಸಂಗ್ತಿಗೆ ಮತ್ ಎಂತ ಬಂತೋ ಯಾರಿಗ್ ಗೊತ್ತ್! ಅವ್ಕೆ ವೀಸಾ ಬೇಕಾ, ಪಾಸ್‌ಪೋರ್ಟ್ ಬೇಕಾ?"

"ಬಾಯ್ ಮುಚ್ಚ್ ಮಾರಾಯ್ತಿ, ಕೆಲ್ಸದ್ ಜಾಗ್ದಾಗೆ ಅದೆಲ್ಲ ಮಾತಾಡ್ಬೇಡ" ಎಂದೆ. ಅವಳು ನನ್ನ ಮುಖ ನೋಡಿ ಇನ್ನಷ್ಟು ನಕ್ಕಳು.

ಟನೆಲಿನ ಒಳಗಿನ ಬೆಳಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಳೆ ಬಿಸಿಲನ್ನು ಕುಡಿದು ಎಲ್ಲ ಕಡೆಯಿಂದ ಸಮನಾಗಿ ಬಿಡುತ್ತದೆ. ಹಾಗಾಗಿ ಒಳಗೆ ನೆರಳೇ ಬೀಳುವುದಿಲ್ಲ. ನನ್ನ ಕಾಲ ಬುಡದಲ್ಲಿ ನಾನು ಇರುವುದಿಲ್ಲ. ಗಾಳಿ ಬಂದಾಗ ಹಾಳೆ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ, ಮಲಗಿದವರ ಎದೆಯ ಹಾಗೆ. ಪಕ್ಕದ ಟನೆಲಿನಲ್ಲಿ ಯಾರಾದರೂ ನಡೆದರೆ ಎರಡು ಹಾಳೆಗಳ ಆಚೆ ಒಂದು ಮಸುಕು ಆಕಾರ ನಮ್ಮ ಜತೆಯೇ ಸಾಲಿನುದ್ದಕ್ಕೂ ಬರುತ್ತದೆ. ನಾವು ನಿಂತರೆ ನಿಲ್ಲುತ್ತದೆ. ಕೊಯ್ಲಿನವರು ಇರುವಾಗ ಅದಕ್ಕೆ ಅರ್ಥವಿದೆ. ಅವರೆಲ್ಲ ಹೋದ ಮೇಲೂ ಒಂದೆರಡು ಸಲ ನಾನು ಕಂಡಿದ್ದೇನೆ. ನನ್ನದೇ ಪಡಿನೆರಳು ಎಂದು ಅಂದುಕೊಂಡು ಮುಂದೆ ಹೋಗಿದ್ದೇನೆ.

ಎರಡನೇ ವರ್ಷಕ್ಕೇ ಹನ್ನೆರಡೂ ಟನೆಲುಗಳ ಉಸ್ತುವಾರಿ ನನ್ನ ಕೈಗೆ ಬಂತು. ತೋಟದ ಯಜಮಾನ ಅರವತ್ತು ದಾಟಿದ ಇಂಗ್ಲಿಷಿನವನು. ನಾನೂ ಹೆಂಡತಿಯೂ ನಮ್ಮೊಳಗೆ ಅವನನ್ನು ಧಣಿ ಎನ್ನುತ್ತೇವೆ. ಕಡಿಮೆ ಮಾತಿನ ಮನುಷ್ಯ. ನೀರಿನ ಪೈಪು ಕಟ್ಟಿದ್ದು, ಹೂ ಕಾಯಿಕಚ್ಚಲೆಂದು ಒಳಗಿಟ್ಟ ದುಂಬಿಗಳ ಪೆಟ್ಟಿಗೆ ಖಾಲಿಯಾದದ್ದು, ಎಲೆಯ ಹಿಂದೆ ಹುಳ ಕೂತದ್ದು ಅವನಿಗಿಂತ ಮೊದಲು ನನ್ನ ಕಣ್ಣಿಗೆ ಬೀಳುತ್ತಿತ್ತು. ಇಂಗ್ಲಿಷಿನಲ್ಲಿ ಬರೆಯಲು ನನಗೆ ಈಗಲೂ ಕಷ್ಟ. ಆದರೆ ಗಿಡ ಇಂಗ್ಲಿಷ್ ಮಾತಾಡುವುದಿಲ್ಲ.

ಉಸ್ತುವಾರಿಯಲ್ಲಿ ಮುಖ್ಯವಾದದ್ದು ಗಾಳಿ ಬಿಡುವ ಕೆಲಸ. ಬಿಸಿಲೇರಿದರೆ ಟನೆಲು ಒಲೆಯಾಗುತ್ತದೆ. ಹಣ್ಣು ಮೆತ್ತಗಾಗುತ್ತದೆ, ದುಂಬಿಗಳು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಆಗ ಎರಡೂ ಬದಿಯ ಹಾಳೆಯನ್ನು ಚಾಪೆ ಸುತ್ತಿದಂತೆ ಮೇಲಕ್ಕೆ ಸುತ್ತಬೇಕು. ಹಾಳೆಯ ಅಂಚಿಗೆ ಉದ್ದ ಪೈಪು ಕಟ್ಟಿರುತ್ತದೆ, ಅದರ ತುದಿಗೆ ಹಿಡಿಕೆ ಸಿಕ್ಕಿಸಿ ತಿರುಗಿಸಬೇಕು. ಹಿಡಿಕೆ ಇಡೀ ತೋಟಕ್ಕೆ ಒಂದೇ. ಒಂದು ಟನೆಲಿನದು ಮುಗಿದರೆ ಕಿತ್ತು ಮುಂದಿನದಕ್ಕೆ ಒಯ್ಯುತ್ತಿದ್ದೆ. ಅದಿಲ್ಲದೆ ಬರಿಗೈಯಲ್ಲಿ ನೂರು ಮೀಟರ್ ಹಾಳೆ ಎತ್ತಲು ಆರೇಳು ಜನ ಬೇಕು.

ಆ ವರ್ಷದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಏಳನೆಯದರ ಪೂರ್ವದ ಬದಿ ಒಂದು ಮೊಳದಷ್ಟು ಎದ್ದಿದೆ. ಹಿಂದಿನ ಸಂಜೆ ಇಳಿಸಿ ಹೋದವನು ನಾನೇ. ಹಿಡಿಕೆ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಕೊಯ್ಲಿನವರ ಮೇಲೆ ಕೂಗಾಡಿದೆ. ರೊಮೇನಿಯಾದ ಹೆಂಗಸರು ಅವರು, ನನ್ನ ಕೂಗಿಗೆ ಹೆದರುವವರಲ್ಲ. ಒಬ್ಬಾಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಬೇಕಾದರೆ ತಾನು ಆರನೆಯದನ್ನು ಎರಡು ಸಲ ಕೊಯ್ಯುತ್ತೇನೆ, ಏಳನೆಯದಕ್ಕೆ ಮಾತ್ರ ಒಬ್ಬಳೇ ಹೋಗುವುದಿಲ್ಲ ಎಂದಳು. ಧಣಿಗೆ ದೂರು ಕೊಟ್ಟೆ.

"ಏಳು ಹಾಗೇ. ನನ್ನಪ್ಪ ಅಲ್ಲಿ ಎಲೆಕೋಸು ಹಾಕುತ್ತಿದ್ದಾಗಲೂ ಹಾಗೇ ಇತ್ತು" ಎಂದು ಅವನು ಚಹಾ ಕಲಕುತ್ತ ಕೂತ.

"ಹಾಗೇ ಅಂದರೆ?"

"ಹಾಗೇ ಅಂದರೆ ಹಾಗೇ. ಹಣ್ಣು ಚೆನ್ನಾಗಿ ಬರುತ್ತದಲ್ಲ, ಮತ್ತೇನು?"

ನನ್ನ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದನ್ನು ನಾನು ಸಹಿಸುವವನಲ್ಲ. ಅಂದಿನಿಂದ ಹಿಡಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಒಯ್ದೆ. ಎಜ್‌ವೇರ್ ಬಸ್ಸಿನಲ್ಲಿ ತೊಡೆಯ ಮೇಲೆ ಕಬ್ಬಿಣದ ಹಿಡಿಕೆ ಇಟ್ಟುಕೊಂಡು ಕೂತವನನ್ನು ನೋಡಿ ಡ್ರೈವರ್ ಒಂದೆರಡು ದಿನ ಅನುಮಾನಪಟ್ಟ. ಹೆಂಡತಿ "ಕಿರೀಟ ಹೊತ್ಕಂಡ್ ಹೋದಂಗೆ ಇತ್ತ್ ಕಾಣಿ" ಎಂದಳು.

ಆ ಬೇಸಿಗೆಯಲ್ಲೇ ಅವಳಿಗೆ ತಲೆ ತಿರುಗಲು ಶುರುವಾಯಿತು. ನಮ್ಮ ಬಡಾವಣೆಯ ಡಾಕ್ಟರು, ಜಿಪಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ತೀರಾ ಕಮ್ಮಿ ಇದೆ, ಮಾತ್ರೆ ತಿನ್ನಿ, ಬಿಸಿಲಿನಲ್ಲಿ ಬಹಳ ಹೊತ್ತು ಇರಬೇಡಿ, ಒಬ್ಬರೇ ಇರಬೇಡಿ ಎಂದರು. ಒಬ್ಬರೇ ಇರಬೇಡಿ ಎಂಬ ಮಾತನ್ನು ಅವರು ನನ್ನ ಕಡೆ ತಿರುಗಿ ಹೇಳಿದರು. ನಾನು ತಲೆಯಾಡಿಸಿದೆ. ಮನೆಯಲ್ಲಿರು ಎಂದು ಅವಳಿಗೆ ಹೇಳಿದ್ದೂ ಉಂಟು. ಅವಳು ಕೇಳಲಿಲ್ಲ. ಹಟದಲ್ಲಿ ನನ್ನ ಹೆಂಡತಿಯೇ.

ಜುಲೈಯ ಆ ದಿನ ಬೆಳಿಗ್ಗೆ ಐದಕ್ಕೇ ಸೆಕೆ ಇತ್ತು. ಕೊಯ್ಲು ಹನ್ನೊಂದಕ್ಕೆ ಮುಗಿಸಿ ಎಲ್ಲರನ್ನೂ ಕಳಿಸಿದೆ. ಹೆಂಡತಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಮುಖ ಸುಣ್ಣದ ಹಾಗಿತ್ತು.

"ಹ್ವಾಯ್, ಇವತ್ ನೀವೂ ಬನ್ನಿ. ಒಟ್ಟಿಗೆ ಹೋಪ. ನಂಗ್ ತಲೆ ತಿರ್ಗತ್ತ್."

"ಹಾಳೆ ಏರಿಸ್ದೆ ಹ್ಯಾಂಗ್ ಬಪ್ಪುದ್? ಹಣ್ಣೆಲ್ಲ ಬೆಂದ್ ಹೋತ್ತ್. ಒಂದ್ ಗಂಟಿ ಕೂಕೊ."

"ಒಂದ್ ಗಂಟಿ ಇಲ್ಲ್ ಕೂಕಂಡ್ರೆ ನಾನೂ ಬೆಂದ್ ಹೋತೆ. ಆ ಧಣಿಗೆ ಹೇಳಿ, ಅವ ತಿರ್ಗಿಸ್ಲಿ."

"ಅವನ್ ಕೈಯಾಗೆ ಆತ್ತಾ ಅದ್? ನೀನ್ ಹೋಗ್. ಬಸ್ ಹತ್ತಿ ಫೋನ್ ಮಾಡ್."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹ್ವಾಯ್ ಎನ್ನುತ್ತಾರೆ. ಮದುವೆಯಾದ ದಿನದಿಂದ ಅವಳಿಗೆ ನಾನು ಹ್ವಾಯ್. ಆ ತೋಟದಲ್ಲಿ, ಆ ಬಸ್ಸಿನ ದಾರಿಯಲ್ಲಿ, ಹಾಗೆ ಕರೆಯುವವರು ಅವಳನ್ನು ಬಿಟ್ಟು ಇನ್ನೊಬ್ಬರಿಲ್ಲ.

ಅವಳು ಸೆರಗಿನ ಹಾಗೆ ಟವೆಲನ್ನು ತಲೆಗೆ ಹೊದ್ದುಕೊಂಡು ಗೇಟಿನ ಕಡೆ ನಡೆದಳು. ಗೇಟು ದಾಟಿ ತಿರುವಿನಲ್ಲಿ ಮರೆಯಾಗುವ ವರೆಗೆ ನೋಡಿದೆ. ಆಮೇಲೆ ಹಿಡಿಕೆ ತೆಗೆದುಕೊಂಡು ಒಂದನೇ ಟನೆಲಿಗೆ ಹೋದೆ.

ಮೂರನೆಯದರ ಪಶ್ಚಿಮದ ಬದಿ ಅರ್ಧ ಏರಿತ್ತು. ಗಾಳಿ ಪೂರ್ತಿ ನಿಂತಿತ್ತು. ದೂರದ ಮೋಟರ್‌ವೇಯ ಸದ್ದು ಯಾವಾಗಲೂ ಕೇಳುತ್ತದೆ, ಅದೂ ನಿಂತ ಹಾಗಿತ್ತು. ದುಂಬಿಯ ಪೆಟ್ಟಿಗೆಗಳಲ್ಲಿ ಗುಂಯ್ ಎನ್ನುವ ಸದ್ದಿಲ್ಲ. ಹಕ್ಕಿ ಇಲ್ಲ. ನೀರು ಬಿಡುವ ಹೊತ್ತಲ್ಲವಾದ್ದರಿಂದ ತೊಟ್ಟಿಕ್ಕುವ ಸದ್ದೂ ಇಲ್ಲ. ತಲೆ ಎತ್ತಿ ಸೂರ್ಯನನ್ನು ನೋಡಿದೆ, ಈ ದೇಶದಲ್ಲಿ ಎಂದೂ ನೆತ್ತಿಗೆ ಏರದವನು ಆಗ ನೆಟ್ಟಗೆ ನೆತ್ತಿಯ ಮೇಲೆ ಇದ್ದ ಹಾಗಿತ್ತು. ಟನೆಲಿನ ಹೊರಗೆ ನಿಂತಿದ್ದರೂ ನನ್ನ ನೆರಳು ಬೂಟಿನಿಂದ ಆಚೆ ಅಷ್ಟೇನೂ ಹೋಗಿರಲಿಲ್ಲ.

"ಹ್ವಾಯ್."

ಏಳನೆಯದರ ಕಡೆಯಿಂದ. ಅವಳ ದನಿ. ಕೂಗಲ್ಲ, ಒಳಕೋಣೆಯಿಂದ ಉಪ್ಪು ಎಲ್ಲಿದೆ ಎಂದು ಕೇಳುವ ದನಿ.

ಕೈ ಹಿಡಿಕೆಯ ಮೇಲೆ ನಿಂತಿತು. ಅವಳು ಬಸ್ಸಿನಲ್ಲಿ ಇದ್ದಾಳೆ. ಗೇಟು ದಾಟಿದ್ದನ್ನು ನಾನೇ ನೋಡಿದ್ದೇನೆ. ನಾಲಿಗೆಯ ತುದಿಗೆ ಬಂದ "ಓ" ಎಂಬುದನ್ನು ಹಲ್ಲು ಕಚ್ಚಿ ಹಿಡಿದೆ.

"ಹ್ವಾಯ್."

ಎರಡು. ಈಗ ಸ್ವಲ್ಪ ಸಣ್ಣಗೆ. ನಾನು ಕಾದೆ. ಎಷ್ಟು ಆಸೆಯಿಂದ ಕಾದೆ ಎಂದು ಬರೆಯಲು ಬರುವುದಿಲ್ಲ. ಮೂರನೆಯದೊಂದು ಬಂದರೆ ಸಾಕು, ಹಿಡಿಕೆ ಬಿಸಾಡಿ ಓಡುತ್ತಿದ್ದೆ. ಕಾಯಿಸಿಪ್ಪೆಯ ವಾಸನೆ ತೆರೆದ ಬದಿಯಿಂದ ಮುಖಕ್ಕೆ ಬಡಿಯಿತು. ಮೂರನೆಯದು ಬರಲಿಲ್ಲ.

ಅಮ್ಮ ಹೇಳಿದ ಹಾಗೇ ಆಯಿತು ಎಂದು ಅಂದುಕೊಂಡೆ. ಏಳನೆಯದರ ಕಡೆಗೆ ಬೆನ್ನು ಮಾಡಿ ಮತ್ತೆ ತಿರುಗಿಸತೊಡಗಿದೆ. ಮೂರನೆಯದು ಮುಗಿಸಿದೆ. ನಾಲ್ಕನೆಯದರ ಎರಡೂ ಬದಿ ಏರಿಸಿದೆ. ಬೇಕೆಂದೇ ನಿಧಾನ ಮಾಡಿದೆ, ಮುಂದೆ ಐದು, ಆರು, ಆಮೇಲೆ ಏಳು ಬರುತ್ತದಲ್ಲ. ಐದನೆಯದಕ್ಕೆ ಹಿಡಿಕೆ ಸಿಕ್ಕಿಸಿದಾಗ ನೆನಪಾಯಿತು, ಬಸ್ಸು ಹತ್ತಿದ ಫೋನು ಬಂದಿಲ್ಲ.

ನಾನೇ ಮಾಡಿದೆ. ನನ್ನ ಕಿವಿಯಲ್ಲಿ ರಿಂಗ್ ಆಯಿತು. ಮತ್ತೆ ಅದೇ ರಿಂಗು ಇನ್ನೊಂದು ಕಡೆಯಿಂದಲೂ ಬಂತು, ಎರಡು ಟನೆಲ್ ಆಚೆಯಿಂದ, ಹಾಳೆಯೊಳಗಿಂದ, ಅವಳು ಇಟ್ಟುಕೊಂಡ ಹಳೆಯ ಫೋನಿನ ಗಂಟೆಯ ಸದ್ದು. ನಾನು ಕಟ್ ಮಾಡಿದೆ. ಅಲ್ಲೂ ನಿಂತಿತು. ಇನ್ನೊಮ್ಮೆ ಒತ್ತಿದೆ. ಅಲ್ಲೂ ಶುರುವಾಯಿತು.

ಓಡಿದೆ. ಆ ಐವತ್ತು ಹೆಜ್ಜೆ ಹೇಗೆ ಓಡಿದೆನೋ ನೆನಪಿಲ್ಲ. ನೆನಪಿರುವುದು ಬಾಗಿಲ ಹತ್ತಿರ ನಿಂತಾಗ ಕಂಡದ್ದು: ಏಳನೆಯದರ ಪೂರ್ವದ ಬದಿ ಮೇಲಕ್ಕೆ ಸುತ್ತಿಕೊಂಡು ಸೊಂಟದ ಮಟ್ಟಕ್ಕೆ ನಿಂತಿತ್ತು. ಅಂಚು ಒಂದು ಕಡೆಯೂ ಜೋತಿಲ್ಲ, ನಾನು ಸುತ್ತಿದರೂ ಅಷ್ಟು ನೇರ ಬರುವುದಿಲ್ಲ. ಹಿಡಿಕೆ ನನ್ನ ಬಲಗೈಯಲ್ಲಿತ್ತು.

ಅವಳು ಹದಿನೈದಿಪ್ಪತ್ತು ಹೆಜ್ಜೆ ಒಳಗೆ, ಎರಡು ಮೇಜುಗಳ ನಡುವೆ, ಆ ತೆರೆದ ಬದಿಗೆ ಮುಖ ಮಾಡಿ ಬಿದ್ದಿದ್ದಳು. ಒಂದು ಗಿಡದ ನೀರಿನ ಸಣ್ಣ ನಳಿಗೆಯನ್ನು ಕಿತ್ತು ಹಣೆಯ ಮೇಲೆ ಇಟ್ಟುಕೊಂಡಿದ್ದಳು, ಅದರಲ್ಲಿ ನೀರಿರಲಿಲ್ಲ. ಫೋನು ಮೇಜಿನ ಮೇಲೆ, ಚೀಲಗಳ ಸಂದಿಯಲ್ಲಿ ಇನ್ನೂ ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಕೊಯ್ಯುವಾಗ ಇಟ್ಟು ಮರೆತದ್ದು. ಬಸ್ ಸ್ಟಾಪಿನಲ್ಲಿ ನೆನಪಾಗಿ, ಹಿಂದಿನ ಬೇಲಿಯ ಸಣ್ಣ ಗೇಟಿನಿಂದ ಒಳಗೆ ಬಂದಿದ್ದಳು. ಮೈ ಮುಟ್ಟಿದರೆ ದೋಸೆ ಕಲ್ಲು. ಬೆವರೇ ಇರಲಿಲ್ಲ.

ಕೂಗಿದೆ. ಧಣಿ ಟ್ರ್ಯಾಕ್ಟರು ಬಿಟ್ಟು ಬಂದ, ತಣ್ಣೀರಿನ ಕ್ಯಾನುಗಳನ್ನು ತಂದು ಅವಳ ಮೇಲೆ ಸುರಿದ, ಆಂಬುಲೆನ್ಸಿಗೆ ಅವನೇ ಫೋನು ಮಾಡಿದ. ನನ್ನ ಬಾಯಲ್ಲಿ ಆಗ ಇಂಗ್ಲಿಷು ಬರಲಿಲ್ಲ. ನೀರು ಸುರಿಯುತ್ತ ಅವನು ಒಮ್ಮೆ ಮೇಲಕ್ಕೆ ಸುತ್ತಿಕೊಂಡಿದ್ದ ಆ ಬದಿಯ ಹಾಳೆಯನ್ನು ನೋಡಿದ, ಆಮೇಲೆ ಹಿಡಿಕೆ ಹಿಡಿದ ನನ್ನ ಕೈಯನ್ನು ನೋಡಿದ, ಇನ್ನೊಂದು ಕ್ಯಾನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ನಾಲ್ಕು ದಿನ. ಮೊದಲ ದಿನ ಯಾರೂ ನನಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಎರಡನೇ ದಿನ ಡಾಕ್ಟರು, ಅವರು ಚಿಕ್ಕ ವಯಸ್ಸಿನ ಹೆಂಗಸು, ಹೇಳಿದರು: ಅಷ್ಟು ಬಿಸಿಯಲ್ಲಿ ಗಾಳಿಯೇ ಇಲ್ಲದ ಕಡೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ, ಪಕ್ಕ ತೆರೆದಿದ್ದದ್ದು ಪುಣ್ಯ. ಅದನ್ನು ಮಗಳು ನನಗೆ ಕನ್ನಡದಲ್ಲಿ ಹೇಳಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದ್ದಕ್ಕೇ ನನಗೆ ಹೆದರಿಕೆಯಾಯಿತು.

ಮೂರನೇ ದಿನ ಹೆಂಡತಿ ಕೂತು ಗಂಜಿ ಕುಡಿದಳು. ಕುಡಿದ ಕೂಡಲೆ ಶುರು ಮಾಡಿದಳು.

"ಎಂತ ಮರಾಯ್ರೆ ನೀವ್. 'ಬಂದೆ ಬಂದೆ' ಅಂದ್ರಿ, ಬಪ್ಪುಕೆ ಅಷ್ಟ್ ಹೊತ್ತಾ?"

"ಯಾರ್ ಅಂದದ್ದ್?"

"ನೀವೇ. ಎರಡ್ ಸಲ ಕರ್ದೆ. ಮೂರ್ನೇದ್ ಕರೀಕ್ ಅಂತ ಬಾಯ್ ತೆಗ್ದೆ, ಅಷ್ಟೊತ್ತಿಗೆ ನೀವ್ ಅಂದ್ರಿ 'ಬಂದೆ'. ಸಾಕ್, ಇನ್ ಬತ್ರ್, ಶ್ವಾಸ ಉಳ್ಸ್ಕಂತೆ ಅಂದ್ಕಂಡೆ." ಅವಳು ಚಮಚ ಕೆಳಗಿಟ್ಟಳು. "ಬಂದದ್ದೂ ಕಂಡೆ. ಹಾಳಿ ಆಚಿ ಬದಿಯಾಗೆ ನಿಂತಿದ್ರಿ. ಹಾಳಿ ಸುತ್ತತಾ ಇದ್ರಿ. ಗಾಳಿ ಬಂತ್. ಹಾಳಿ ಮೇಲ್ ಹೋದಾಂಗೆ ನಿಮ್ಮ್ ಕಾಲ್ ಕಾಂಬುದ್ ಅಂದ್ಕಂಡ್ರೆ ಕಾಲೇ ಕಾಣ್ಲಿಲ್ಲೆ. ಕಣ್ಣ್ ಕತ್ಲಿ ಬಂತ್ ಕಾಣತ್ತ್. ಒಳಗ್ ಎಂತಕ್ ಬರ್ಲಿಲ್ಲೆ ನೀವ್?"

"ಹಿಡಿಕಿ ಸಿಕ್ಕಿ ಬಿದ್ದಿತ್ತ್" ಎಂದೆ. ಹಾಗೆ ಹೇಳಿದವನು ನಾನು. ಮಾಡದ ಕೆಲಸಕ್ಕೆ ಹೊಗಳಿಕೆ ತೆಗೆದುಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಪಕ್ಕದ ಹಾಸಿಗೆಯವರಿಗೆ ಅವಳು ಕೈಸನ್ನೆಯಲ್ಲೇ ನನ್ನನ್ನು ತೋರಿಸಿ ಏನೋ ಹೇಳಿದಳು. ಅವರೆಲ್ಲ ನನ್ನ ಕಡೆ ನೋಡಿ ನಕ್ಕರು.

ಮಗಳಿಗೆ ಮಾತ್ರ ಕಾರಿಡಾರಿನಲ್ಲಿ ಇಷ್ಟು ಹೇಳಿದೆ, ಹಾಳೆ ಏರಿಸಿದವನು ನಾನಲ್ಲ ಎಂದು. "ಡ್ಯಾಡ್, ಯು ವರ್ ಇನ್ ಶಾಕ್" ಎಂದಳು. ಹಾಳೆಯನ್ನು ನೀವೇ ಏರಿಸಿ ಮರೆತಿದ್ದೀರಿ, ಅಮ್ಮನಿಗೆ ಬಿಸಿಲು ನೆತ್ತಿಗೇರಿತ್ತು, ಇದರಲ್ಲಿ ಎಂತದೂ ಇಲ್ಲ ಎಂದು ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದಳು. ಓದಿದ ಹುಡುಗಿ. ಇರಬಹುದು. ಆದರೆ ನನ್ನ ಕೈಯ ಕೆಲಸ ನನ್ನ ಕೈಗೆ ಗೊತ್ತಿರುತ್ತದೆ.

ಮೂರು ವಾರದ ಮೇಲೆ ಕೆಲಸಕ್ಕೆ ಹೋದೆ. ಹೆಂಡತಿಯನ್ನು ಟನೆಲಿಗೆ ಬಿಡಲಿಲ್ಲ. ಧಣಿ ಅವಳಿಗೆ ಹಣ್ಣು ತುಂಬುವ ಶೆಡ್ಡಿನಲ್ಲಿ, ತಂಪಿನಲ್ಲಿ, ಜಾಗ ಕೊಟ್ಟ. ದಿನಾ ಮಧ್ಯಾಹ್ನ ಏಳನೆಯದರ ಹಾಳೆ ಏರಿಸಲು ಹೋದಾಗ ಆಚೆಯ ಆ ಮಸುಕನ್ನು ಹುಡುಕುತ್ತಿದ್ದೆ. ಕಂಡರೆ ಕೇಳಬೇಕೆಂದಿತ್ತು, ನನ್ನ ದನಿ ನಿನಗೆ ಯಾರು ಕೊಟ್ಟರು ಎಂದು. ಕಾಣಲಿಲ್ಲ. ಆದರೆ ಹಿಡಿಕೆ ಸಿಕ್ಕಿಸುವ ಮೊದಲೇ ಪೈಪು ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ. ಬಿಸಿಲಿಗೆ ಕಬ್ಬಿಣ ಬೆಚ್ಚಗಾಗುತ್ತದೆ, ಗೊತ್ತು. ಮೋಡದ ದಿನವೂ ಹಾಗೇ ಇತ್ತು.

ನನ್ನನ್ನು ತಿಂದದ್ದು ಅದಲ್ಲ. ಅವಳು ಸಾಯುತ್ತ ಕರೆದಾಗ ನಾನು ಬೆನ್ನು ತಿರುಗಿಸಿ ನಾಲ್ಕನೇ ಟನೆಲಿನ ಹಾಳೆ ಏರಿಸುತ್ತಿದ್ದೆ. ಅವಳು ಬಂದವರಿಗೆಲ್ಲ ಕಾಫಿ ಕೊಡುತ್ತ "ಇವ್ರ್ ಒಂದ್ ಕರೆಗೆ ಓಡಿ ಬಂದ್ರ್" ಎಂದು ಹೇಳುತ್ತಿದ್ದಳು. ನಾನು ಲೋಟ ನೋಡುತ್ತ ಕೂತಿರುತ್ತಿದ್ದೆ. ಬೆತ್ತ ಮುರಿದಾಗ ಬಾಯಿ ಬಿಡದೆ ಇದ್ದದ್ದು ಗತ್ತು. ಇದು ಗತ್ತಲ್ಲ.

ನವೆಂಬರಿನಲ್ಲಿ ಹಾಳೆಗಳನ್ನು ಬಿಚ್ಚಿ ಮಡಚುತ್ತೇವೆ. ಉಳಿಯುವುದು ಸಾಲುಸಾಲು ಕಬ್ಬಿಣದ ಪಕ್ಕೆಲುಬು. ಆ ದಿನ ಏಳನೆಯದರ ಕೊನೆಯ ಹಗ್ಗ ಬಿಚ್ಚಿ, ಹೆಂಡತಿಯ ಜತೆ ಬಸ್ಸು ಹತ್ತಿದೆ. ಮೇಲಿನ ಮಹಡಿಯಲ್ಲಿ ಮುಂದಿನ ಸೀಟು. ಹೇಳಿದೆ. ಎರಡು ಸಲ ಕೇಳಿಸಿತು, ಮೂರನೆಯದಕ್ಕೆ ಕಾದೆ, ಓಗೊಡಲಿಲ್ಲ, ಬಂದೆ ಎಂದವನು ನಾನಲ್ಲ, ಹಾಳೆ ಏರಿಸಿದವನೂ ನಾನಲ್ಲ. ಒಂದೇ ಉಸಿರಿಗೆ ಹೇಳಿ ಕಿಟಕಿ ನೋಡಿದೆ.

ನಾಲ್ಕು ಗಂಟೆಗೇ ದೀಪ ಹೊತ್ತಿದ್ದವು. ಗಾಜಿನಲ್ಲಿ ನಮ್ಮಿಬ್ಬರ ಮುಖ, ಮುಖದ ಮೂಲಕ ರಸ್ತೆ.

"ನಂಗ್ ಗೊತ್ತಿತ್ತ್" ಎಂದಳು.

"ಹ್ಯಾಂಗ್ ಗೊತ್ತಿತ್ತ್?"

"ಇಪ್ಪತ್ ವರ್ಷ ಆಯ್ತ್ ನಿಮ್ಮನ್ ಕರೂದ್. ಒಂದ್ ದಿನ ಆದ್ರೂ 'ಬಂದೆ' ಅಂದದ್ ಉಂಟಾ ನೀವ್? 'ಎಂತ' ಅಂತ್ರಿ. ಅದೂ ಮೂರ್ನೇ ಸಲಕ್ಕೆ." ಅವಳು ನಗಲಿಲ್ಲ. "ಆಸ್ಪತ್ರೆಯಾಗೆ ಮಲ್ಕಂಡ್ ಯೋಚ್ನಿ ಮಾಡ್ದೆ, ಗೊತ್ತಾಯ್ತ್. ಅಷ್ಟ್ ಲಾಯ್ಕದಾಗೆ ಬಂದೆ ಅಂದದ್ ನೀವ್ ಆಪುಕಿಲ್ಲೆ ಅಂತ."

"ಮತ್ ಎಂತಕ್ ಎಲ್ಲರ್ ಹತ್ರ ಇವ್ರೇ ಬಂದ್ರ್ ಅಂತ ಹೇಳ್ತಿದ್ದೆ?"

"ನೀವ್ ಯಾವತ್ ಹೇಳ್ತ್ರಿ ಅಂತ ಕಾಂಬುಕೆ."

ಬಸ್ಸು ಎಜ್‌ವೇರ್ ಸ್ಟೇಷನ್ನಿನ ಮುಂದೆ ನಿಂತಿತು. ಇಳಿಯುವಾಗ ಅವಳು ನನ್ನ ತೋಳು ಹಿಡಿದಳು, ಅದು ಅವಳಿಗೆ ರೂಢಿಯಿಲ್ಲದ್ದು. "ನಾನ್ ಸತ್ರೂ ನೀವ್ ಎಣ್ಸ್ತಾ ಕೂಕಂತಿದ್ರಿ ಅಲ್ದಾ?" ಎಂದಳು. ಆ ಕೈ ಬಿಡಿಸಿಕೊಳ್ಳದೆ ಮನೆಯ ವರೆಗೂ ನಡೆದೆ.

ಮಾರ್ಚಿನಲ್ಲಿ ಹೊಸ ಹಾಳೆ ಹಾಕಿದೆವು. ಊರಿನಿಂದ ಹೊಸ ನಾರಿನ ಚೀಲಗಳೂ ಬಂದವು. ಇನ್ನೊಂದು ಹಿಡಿಕೆ ಬೇಕು ಎಂದು ಧಣಿಯನ್ನು ಕೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ, ತರಿಸಿ ಕೊಟ್ಟ. ಅದನ್ನು ಏಳನೆಯದರ ಪೂರ್ವದ ಬದಿಯ ಕಂಬಕ್ಕೆ ನೇತುಹಾಕಿದ್ದೇನೆ. ಹೆಂಡತಿ ಅದರ ಬುಡದಲ್ಲಿ ಒಂದು ತೆಂಗಿನಕಾಯಿ ಒಡೆದಳು, ಇಲ್ಲಿನ ಅಂಗಡಿಯ ಒಣಕಲು ಕಾಯಿ. ಹಿಡಿಕೆ ಒಂದೊಂದು ಬೆಳಿಗ್ಗೆ ಕಂಬದಲ್ಲಿ ಇರುತ್ತದೆ, ಒಂದೊಂದು ಬೆಳಿಗ್ಗೆ ಪೈಪಿನಲ್ಲಿ ಸಿಕ್ಕಿಸಿರುತ್ತದೆ. ಕೊಯ್ಲಿನವರ ಮೇಲೆ ನಾನು ಕೂಗಾಡುವುದಿಲ್ಲ.

ಹೆಂಡತಿ ಈಗ ನನ್ನನ್ನು ಕರೆಯುವುದಾದರೆ ಉಸಿರು ಬಿಡದೆ ಮೂರು ಸಲ ಕರೆಯುತ್ತಾಳೆ: "ಹ್ವಾಯ್ ಹ್ವಾಯ್ ಹ್ವಾಯ್." ಉಪ್ಪಿಗೂ ಹಾಗೇ, ಬಾಗಿಲಿಗೂ ಹಾಗೇ. ಕೆಳಗಿನ ಫ್ಲ್ಯಾಟಿನವರಿಗೂ ಅದು ಬಾಯಿಗೆ ಬಂದಿದೆ. ನಾನು ಮಾತ್ರ ಮೊದಲನೆಯದು ಮುಗಿಯುವ ಮೊದಲೇ ಬಂದೆ ಎನ್ನುತ್ತೇನೆ, ಎದ್ದೂ ಹೋಗುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಟನೆಲಿನ ಸಾಲಿನಲ್ಲಿ ಯಾರೂ ಕರೆಯದಿದ್ದಾಗಲೂ ಒಂದು ಸಲ ಹಾಗೆ ಅಂದುಬಿಡುತ್ತೇನೆ. ಉತ್ತರ ಬಂದದ್ದಿಲ್ಲ. ಹಾಳೆ ಮಾತ್ರ ಒಮ್ಮೆ ಉಬ್ಬಿ ಇಳಿಯುತ್ತದೆ.

ಈಗ ನನಗೆ ಇರುವುದು ಇಷ್ಟು. ಉಸ್ತುವಾರಿಗೆ ಟನೆಲು ಹನ್ನೆರಡು. ಹಿಡಿಕೆ ಎರಡು, ಅದರಲ್ಲಿ ನನ್ನದು ಒಂದು. ಎಜ್‌ವೇರ್‌ನಲ್ಲಿ ಬಾಡಿಗೆಯ ಫ್ಲ್ಯಾಟು, ಕೋಣೆ ಎರಡು. ಮಗಳು ಒಬ್ಬಳು. ಹೆಂಡತಿ ಒಬ್ಬಳು.